ಏಳನೆಯ ಹಂದಿಯ ಗಂಟಲು

ಮುಚ್ಚಿಗೆಯ ನೂರ ಹದಿನೆಂಟನೆಯ ವರ್ಷ, ಮೂವತ್ತೆರಡನೆಯ ವಾರ

ಹಿರಿಯರಾದ ಸೆವ್ರಿನ್ ಅಜ್ಜನವರಿಗೆ, ನಿಮ್ಮ ಆರನೆಯ ತಲೆಮಾರಿನ ಕಾರ್ಮಿಣ್ ಮಾಡುವ ನಮಸ್ಕಾರಗಳು.

ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾವಿಲ್ಲಿ ಹೆಚ್ಚಾಗಿ ಕೈಸನ್ನೆಯಲ್ಲೇ ಮಾತಾಡುವವರು. ಬರವಣಿಗೆ ಕಲಿತದ್ದು ನೀವು ಬಿಟ್ಟುಹೋದ ಹಂದಿದೊಡ್ಡಿಯ ದಿನಚರಿಯಿಂದ. ಮುಚ್ಚಿಗೆ ಎಂದರೆ ದೊಡ್ಡಿಯ ಗೇಟಿಗೆ ಹೊರಗಿನಿಂದ ಬೀಗ ಬಿದ್ದ ದಿನ. ಅಂದಿನಿಂದ ನಲವತ್ತು ಮನೆಯವರು, ಆರುನೂರು ಹಂದಿಗಳು ಒಳಗೇ ಇದ್ದೇವೆ. ಹಂದಿಗಳನ್ನು ಕೊಂದರೂ ನಮ್ಮನ್ನು ಬಿಡುವಂತಿಲ್ಲ, ಅವುಗಳ ಗಂಟಲಿನ ರೋಗದ ಕ್ರಿಮಿ ನಮ್ಮ ಗಂಟಲಲ್ಲೂ ಮನೆ ಮಾಡಿದೆ. ಅಕ್ಕಿ, ಬೇಳೆ, ಬಟ್ಟೆ ಗೋಡೆಯ ಕಿಂಡಿಯಿಂದ ಬರುತ್ತವೆ. ವಾರಕ್ಕೊಮ್ಮೆ ಗಂಟಲೋದು. ಅದೇ ಕಿಂಡಿಯಿಂದ ಉದ್ದನೆಯ ಹತ್ತಿಕಡ್ಡಿಗಳು ಬರುತ್ತವೆ, ನಾವು ನಮ್ಮ ಗಂಟಲನ್ನೂ ಹಂದಿಗಳ ಗಂಟಲನ್ನೂ ಒರೆಸಿ ಕೊಡುತ್ತೇವೆ. ಸಂಜೆ ಗೇಟಿನ ಮೇಲೆ ದೀಪ ಹತ್ತುತ್ತದೆ. ಹಸಿರು ಹತ್ತಿದರೆ ಬೀಗ ತೆಗೆಯುತ್ತಾರಂತೆ. ನನ್ನ ಅಜ್ಜಿ ಕೂಡ ಕೆಂಪನ್ನೇ ನೋಡಿ ಸತ್ತಳು.

ಈ ಕ್ರಿಮಿ ಎಲ್ಲರನ್ನೂ ಕೊಲ್ಲುವುದಿಲ್ಲ, ಕಿವಿ ತಿನ್ನುತ್ತದೆ. ಹನ್ನೆರಡು ತುಂಬುವುದರೊಳಗೆ ಇಲ್ಲಿಯ ಮಕ್ಕಳು ಕಿವುಡರು. ನನ್ನ ಮಗಳು ಅಪೊಲಿನ್‌ಗೆ ಹತ್ತು. ಅವಳಿಗೆ ಇನ್ನೂ ಕೇಳುತ್ತದೆ. ಮರಿ ಹಾಕಿದ ಹಂದಿ ಹೇಗೆ ಗುರುಗುಟ್ಟುತ್ತದೆಂದು ನನ್ನ ಅಂಗೈ ಮೇಲೆ ಬೆರಳಾಡಿಸಿ ತಿಳಿಸುತ್ತಾಳೆ. ಮೊನ್ನೆಯಿಂದ ಎಡಕಿವಿಯನ್ನು ಉಜ್ಜಿಕೊಳ್ಳುತ್ತಿದ್ದಾಳೆ. ನನಗೆ ಭಯವಾಗಿದೆ, ಅಜ್ಜ.

ಈ ಕಾಗದ ಮುಚ್ಚಿಗೆಗೂ ಮುಂಚಿನ ನಿಮ್ಮ ಕಾಲವನ್ನು ತಲುಪಿದರೆ, ನಿಮ್ಮ ದೊಡ್ಡಿಗೆ ನಾಳೆ ಡಾಕ್ಟರಮ್ಮ ಬರುತ್ತಾರೆ, ಹಂದಿಗಳ ಗಂಟಲು ಒರೆಸಿದ ಟ್ಯೂಬುಗಳನ್ನು ಒಯ್ಯಲು. ಕ್ರಿಮಿಯ ಮೈಮೇಲೆ ಪ್ರೋಟೀನಿನ ಅಂಗಿ ಇರುತ್ತದೆ, ಎಲ್ಲ ಕ್ರಿಮಿಗಳೂ ತೊಡುವಂಥ ಒಂದು ಅಂಗಿಯನ್ನು ಹುಡುಕಿ ಲಸಿಕೆ ಮಾಡಬೇಕೆಂಬುದು ಅವರ ಯೋಚನೆ. ಒಳ್ಳೆಯ ಯೋಚನೆಯೇ. ಲಸಿಕೆ ಕೆಲಸವನ್ನೂ ಮಾಡಿತು. ಆ ಅಂಗಿಯ ಕ್ರಿಮಿಗಳೆಲ್ಲ ಅಳಿದವು. ಖಾಲಿಯಾದ ಗಂಟಲುಗಳಲ್ಲಿ ಆ ಅಂಗಿಯೇ ಇಲ್ಲದ ಒಂದು ಜಾತಿ ಬಂದು ಕೂತಿತು. ಅದು ಹೊರಟದ್ದು ನಿಮ್ಮ ಏಳನೆಯ ಹಂದಿಯಿಂದ. ಹಂದಿ ಆರೋಗ್ಯವಾಗಿಯೇ ಇತ್ತು, ಯಾರಿಗೂ ಅನುಮಾನ ಬರಲಿಲ್ಲ.

ನೀವು ನಾಳೆ ಬರೆಯಲಿರುವ ಸಾಲು ನನಗೆ ಬಾಯಿಪಾಠ: ‘ಏಳನೆಯದು ಕಚ್ಚಿತು, ಎಡಕ್ಕೆ ತಿರುಗಿ. ಪಾಪ, ಅಷ್ಟು ದೂರದಿಂದ ಬಂದವರ ಕೈಗೆ ಖಾಲಿ ಟ್ಯೂಬು ಕೊಡುವುದು ಹೇಗೆ? ಆರನೆಯದರ ಗಂಟಲನ್ನೇ ಇನ್ನೊಮ್ಮೆ ಒರೆಸಿ ತುಂಬಿಸಿ ಕೊಟ್ಟೆ.’

ಹಾಗಾಗಿ ಏಳನೆಯದರ ಅಂಗಿಯಿಲ್ಲದ ಕ್ರಿಮಿ ಡಾಕ್ಟರಮ್ಮನ ಕಣ್ಣಿಗೆ ಬೀಳಲೇ ಇಲ್ಲ. ನಿಮ್ಮ ಮೇಲೆ ಕೋಪವಿದೆ, ಮುಚ್ಚಿಡುವುದಿಲ್ಲ. ಮೋಸ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನೀವು ಮಾಡಿದ್ದು ಮರ್ಯಾದೆ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಈ ಬುದ್ಧಿ ನಮ್ಮ ರಕ್ತದಲ್ಲೇ ಇದೆ. ಕಿಂಡಿಯಾಚೆಯ ಕೈಗೂ ನಾನು ಬಾಳೆಹಣ್ಣು ಇಡುತ್ತೇನೆ, ಅವರು ಮುಟ್ಟುವುದಿಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ತಾವಿಲ್ಲ ಎನ್ನುತ್ತಾರೆ. ನಾವು ಹೆತ್ತದ್ದೆಲ್ಲ ಈ ಗೇಟಿನ ಒಳಗೇ.

ಕಾಗದವನ್ನು ನಿಮ್ಮ ದಿನಚರಿಯ ಅದೇ ಪುಟದಲ್ಲಿ ಇಡುತ್ತೇನೆ. ತಲುಪುವುದೋ ಇಲ್ಲವೋ, ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ. ಅಪೊಲಿನ್ ಪಕ್ಕದಲ್ಲಿ ಕೂತು ಓದುತ್ತಿದ್ದವಳು ಕೈಯಲ್ಲಿ ಕೇಳಿದಳು, “ಅಜ್ಜ ನಿನ್ನ ಮಾತು ಕೇಳಿದ್ರೆ ಗೇಟು ಇರುದಿಲ್ವಾ ಅಮ್ಮ?” ಇರುವುದಿಲ್ಲ ಎಂದೆ. “ಆಗ ನಾವು ಇರ್ತೇವಾ?”

ನೀವು ಬೇರೆಯಾಗಿ ನಡೆದರೆ ನನ್ನ ಅಜ್ಜಿ ಬೇರೆ ಯಾರನ್ನೋ ಮದುವೆಯಾದಾಳು, ನಾವಿಬ್ಬರೂ ಹುಟ್ಟದೆಯೂ ಹೋದೇವು. ಇರುತ್ತೇವೆ ಮಗಾ ಎಂದು ಸುಳ್ಳು ಹೇಳಿದೆ. ಅವಳು ತಲೆಯಾಡಿಸಿ ಕಿವಿ ಉಜ್ಜಿಕೊಂಡಳು.

ಆದರೂ ಕೇಳುತ್ತೇನೆ. ನಾಳೆ ಏಳನೆಯದನ್ನು ಬಿಡಬೇಡಿ. ಆಗದಿದ್ದರೆ ಖಾಲಿ ಟ್ಯೂಬನ್ನೇ ಕೊಡಿ, ಡಾಕ್ಟರಮ್ಮ ಬೇಸರಪಟ್ಟುಕೊಳ್ಳಲಿ. ಕೈಗೆ ದಪ್ಪ ಗೋಣಿ ಸುತ್ತಿಕೊಳ್ಳಿ. ಅದು ಎಡಕ್ಕೆ ತಿರುಗಿ ಕಚ್ಚುತ್ತದೆ, ಬಲಗಡೆಯಿಂದ ಹೋಗಿ.