ಪಾತ್ರೆ ನಡುಗಿದರೆ ಸಿಕ್ಸರ್

ಗುರುವಾರ, ಮಧ್ಯಾಹ್ನ
(ಇವತ್ತು ಪಂದ್ಯವಿಲ್ಲ)

ಪ್ರೀತಿಯ ಅಕ್ಕಾ,

ಕ್ಷೇಮ ಸಮಾಚಾರದ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಬರೆದರೆ ಸುಳ್ಳಾಗುತ್ತದೆ. ಈ ವಾರವೆಲ್ಲ ನನಗೆ ಸುಳ್ಳಿನ ಜೊತೆಗೇ ಜಗಳ.

ಮೊದಲು ಮುಖ್ಯವಾದದ್ದು: ನೀನು ಬರಬೇಡ. ಅಮ್ಮ ಫೋನಿನಲ್ಲಿ ಅತ್ತು ಕರೆದಿದ್ದಾಳೆಂದು ಗೊತ್ತು. ಆದರೂ ಬರಬೇಡ. ಭಾವ ದುಡಿಯುವುದು ನಮ್ಮ ಮನೆ ಮಾಲೀಕನ ಹೋಟೆಲಿನಲ್ಲೇ ಎನ್ನುವುದನ್ನು ನಾನು ಮರೆತಿಲ್ಲ. ನಿನ್ನ ಸಂಸಾರದ ನೆಲಗಟ್ಟಿನ ಕಲ್ಲೂ ಅವನದೇ. ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ. ಫೋನಿನಲ್ಲಿ ಇದನ್ನೆಲ್ಲ ಹೇಳಲಾಗದು. ಆ ಕಡೆ ಭಾವ ಪಕ್ಕದಲ್ಲಿರುತ್ತಾರೆ, ಈ ಕಡೆ ಅಮ್ಮ. ಅದಕ್ಕೇ ಕಾಗದ.

ನೀನು ಬಂದುಹೋದ ಮೇಲೆ ಬೀದಿ ಇನ್ನಷ್ಟು ಬದಲಾಗಿದೆ. ಮೂಲೆಯ ಕ್ಷೌರದಂಗಡಿಯೂ ಬಾರ್ ಆಯಿತು. ಪಂದ್ಯದ ದಿನ ಕ್ರಿಕೆಟ್ ಮೈದಾನದ ಗೇಟು ತೆರೆಯುವ ಮುಂಚೆಯೇ ಪೀಪಿ, ಡ್ರಮ್ಮು, ಮುಖಕ್ಕೆ ಬಣ್ಣ ಬಳಿಯುವವರು, ಬಾವುಟ ಮಾರುವವರು. ಬಂದವರಿಗೆಲ್ಲ ನೀರು ಬಿಡಲು ನಮ್ಮ ಬಾಗಿಲ ಪಕ್ಕದ ಗೋಡೆಯೇ ಬೇಕು. ‘ಇಲ್ಲಿ ಮನುಷ್ಯರು ವಾಸಿಸುತ್ತಾರೆ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೆ. ಅದರ ಮೇಲೇ ಬಿಟ್ಟರು. ನಾನು ಉರಿದುಬಿದ್ದರೆ ಅಪ್ಪ, “ಬಿಡೇ, ಅಷ್ಟು ಹೊತ್ತು ನಿಂತು ನಿನ್ನ ಬರಹ ಓದೋರು ಇನ್ಯಾರಿದ್ದಾರೆ?” ಅಂತ ನಕ್ಕಿದ್ದರು. ಅವರು ನನ್ನನ್ನು ಕರೆಯುವುದು ಈಗಲೂ ‘ಕರಪತ್ರ’ ಎಂದೇ. ಕೆಲಸ ಮುಗಿಸಿ ಮೆಟ್ಟಿಲು ಹತ್ತಿದರೆ ಸಾಕು, “ಬಂತು ನೋಡು ನಮ್ಮ ಕರಪತ್ರ.”

ಆದರೂ ಅಕ್ಕ, ಈ ಬೀದಿಯನ್ನು ನಾನು ಪ್ರೀತಿಸುತ್ತೇನೆ. ಚಿತ್ರಮಂದಿರದ ಟಿಕೆಟ್ ಕಿಟಕಿಯೊಳಗೆ ಕೂತರೆ ನನಗೆ ಕಾಣುವುದು ಬರೀ ಕೈಗಳು. ಬಣ್ಣ ಮೆತ್ತಿದ ಕೈ, ದುಡಿದು ಒರಟಾದ ಕೈ, ಇನ್ನೊಂದು ಕೈಯನ್ನು ಹಿಡಿದುಕೊಂಡ ಕೈ. ಮಂದಿ ನಗಬೇಕೆಂದು ಬರುವ ಜಾಗ ಇದು. ಅವರು ಬರಲಿ, ಕುಣಿಯಲಿ. ಅವರನ್ನು ನಗಿಸಲು ಕಸ ಗುಡಿಸುವವರು, ಲೋಟ ತೊಳೆಯುವವರು, ಬಾವುಟ ಹೊಲಿಯುವವರು ಇಲ್ಲೇ ಬದುಕುವಂತಿರಬೇಕು, ಅಷ್ಟೆ. ಮನೆ ಎಂಬುದು ಯಾರಿಗೆ ಹೆಚ್ಚು ಬೆಲೆ ಬಂತೋ ಅವರಿಗೆ ಮಾರುವ ಸರಕಲ್ಲ. ನಮ್ಮ ಬಾಡಿಗೆದಾರರ ಸಂಘದ ಕರಪತ್ರಗಳಲ್ಲಿ ನಾನು ಬರೆದದ್ದು ಇಷ್ಟೇ, ಬೇರೆ ಬೇರೆ ಮಾತಿನಲ್ಲಿ.

ಅಮ್ಮ ಮತ್ತು ಕೆಳಮನೆಯ ಟೈಲರ್ ಅತ್ತಿಗೆಯ ಆಟ ನಿನಗೆ ನೆನಪಿದೆಯಲ್ಲ. ನೀನೂ ಆಡಿದವಳು. ಟೀವಿಯಲ್ಲಿ ಕಾಣುವ ಮುಂಚೆ ಹೊರಗಿನ ಗದ್ದಲ ಕೇಳಿ ಆಟ ಹೇಳಬೇಕು. ಗೋಡೆಯಾಚೆಯ ಕೂಗು ಮೊದಲು ಬರುತ್ತದೆ, ಟೀವಿಯ ಚಿತ್ರ ಕೊಂಚ ತಡೆದು. ಬರೀ ಕೂಗಿದರೆ ನಾಲ್ಕು. ‘ಅಯ್ಯೋ’ ಎಂದು ಉಸಿರು ಬಿಟ್ಟರೆ ನಮ್ಮವನು ಔಟು. ತಾರಸಿಯ ಮೇಲಿನವರೂ ಎದ್ದು ಕುಣಿದು ನಮ್ಮ ಕಪಾಟಿನ ಪಾತ್ರೆ ನಡುಗಿದರೆ ಸಿಕ್ಸರ್. ಮೈದಾನದೊಳಗೆ ಒಮ್ಮೆಯೂ ಕಾಲಿಡದ ಇಬ್ಬರು ಹೆಂಗಸರು, ಒಂದು ಚೆಂಡನ್ನೂ ತಪ್ಪು ಹೇಳುತ್ತಿರಲಿಲ್ಲ.

ಆ ತಾರಸಿಯ ವಿಷಯಕ್ಕೇ ಬರುತ್ತೇನೆ. ಮೈದಾನದವರು ಗೋಡೆ ಎತ್ತರಿಸಿದ ಮೇಲೆ ನಮ್ಮ ತಾರಸಿಯಿಂದ ಆಟ ಕಾಣದಾಯಿತು. ತಾರಸಿಯಲ್ಲಿ ಕುರ್ಚಿ ಹಾಕಿ ಜನ ಕೂರಿಸುತ್ತಿದ್ದ ಮಾಲೀಕನ ಆದಾಯ ನಿಂತಿತು. ಇಡೀ ಕಟ್ಟಡವನ್ನು ಬಾರಿನವರಿಗೆ ಕೊಟ್ಟುಬಿಡುತ್ತೇನೆ ಅಂತ ಅವನು ಹೇಳತೊಡಗಿದ್ದು ಆಗಲೇ. ನೀನು ಬಂದಿದ್ದ ವಾರ, ಒಂದು ಸಂಜೆ ಅವನು ನಮ್ಮ ಕೋಣೆಗೇ ಬಂದನಲ್ಲ? ನಾನಿರಲಿಲ್ಲ, ಸಂಘದ ಪೋಸ್ಟರ್ ಅಂಟಿಸಲು ಹೋಗಿದ್ದೆ. ಚಹಾ ಕೊಟ್ಟವಳು ನೀನು. ತಾರಸಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಕಬ್ಬಿಣದ ಗ್ಯಾಲರಿಯನ್ನು ಎತ್ತರಕ್ಕೆ ನಿಲ್ಲಿಸಿದರೆ ಮತ್ತೆ ಆಟ ಕಾಣುತ್ತದೆ, ಆದರೆ ಹೊಸ ಕಬ್ಬಿಣಕ್ಕೆ ಸುರಿಯಲು ತನ್ನಲ್ಲಿ ದುಡ್ಡಿಲ್ಲ ಅಂದನಂತೆ. ಆಮೇಲೆ ಅವನು ಅಪ್ಪನಿಗೆ ಹೇಳಿದ ಮಾತನ್ನು ನೀನು ಹಾಗೇ ನನಗೆ ಒಪ್ಪಿಸಿದ್ದೆ: “ಕಮ್ಮೀಲಿ ಎಬ್ಬಿಸಿಕೊಟ್ರೆ ನೀವೆಲ್ಲ ಇಲ್ಲೇ ಇರ್ತೀರಿ. ಇಲ್ಲಾಂದ್ರೆ ಬರೋ ತಿಂಗಳು ಗಂಟುಮೂಟೆ ಕಟ್ಟಿ. ಹೇಗೆ ಎಬ್ಬಿಸ್ತೀಯ ಅನ್ನೋದು ನಿನಗೆ ಬಿಟ್ಟಿದ್ದು, ನನಗದು ಬೇಡ.” ಕೊನೆಯ ಆ ಮಾತನ್ನು ನೀನು ಅವನ ಧ್ವನಿಯಲ್ಲೇ ಅಣಕಿಸಿದ್ದೆ. ನಾವಿಬ್ಬರೂ ನಕ್ಕಿದ್ದೆವು.

ಅಪ್ಪ ತಮ್ಮ ವೆಲ್ಡಿಂಗ್ ಕಸುಬಿನಲ್ಲೇ ದಾರಿ ಕಂಡುಕೊಂಡರು. ಮೈದಾನದವರು ಕಿತ್ತುಹಾಕಿದ ಹಳೆಯ ಬೇಲಿಯ ಪೈಪುಗಳು ಗುಜರಿಯಲ್ಲಿ ಬಿದ್ದಿದ್ದವು. ಅವನ್ನೇ ತಂದರು. ತುಕ್ಕು ಉಜ್ಜಿ, ತೂತಿದ್ದ ಕಡೆ ತುಂಡು ಬೆಸೆದು, ಮೇಲೆ ಬೆಳ್ಳಿ ಬಣ್ಣ ಹೊಡೆದರು. ನಾನೇ ಒಂದು ಭಾನುವಾರ ಬ್ರಷ್ಷು ಹಿಡಿದು ಕೂತಿದ್ದೆ. “ಹಳೇ ಪೈಪು, ನಂದೇ ಐಡಿಯಾ. ಇನ್ನು ಯಾರೂ ನಮ್ಮನ್ನ ಎಬ್ಬಿಸೋ ಹಾಗಿಲ್ಲ” ಅಂತ ಎಷ್ಟು ಹೆಮ್ಮೆಯಿಂದ ಹೇಳಿದರು ಗೊತ್ತೇ? ಗ್ಯಾಲರಿ ಎದ್ದ ದಿನ ಇಡೀ ಕಟ್ಟಡದವರು ತಾರಸಿಗೆ ಹೋಗಿ ನೋಡಿದೆವು. ಎಲ್ಲರಿಗೂ ಪೈಪಿನ ಕಥೆ ಗೊತ್ತಿತ್ತು. ಬೀದಿಯ ಪ್ರತಿ ಅನ್ಯಾಯಕ್ಕೂ ಕರಪತ್ರ ಬರೆದ ನಾನು ಆ ಪೈಪಿನ ಬಗ್ಗೆ ಒಂದಕ್ಷರ ಬರೆಯಲಿಲ್ಲ.

ಮೊನ್ನೆ ಭಾನುವಾರ, ಪಂದ್ಯದ ಮಧ್ಯಾಹ್ನ, ನಾನು ಮನೆಯಲ್ಲಿದ್ದೆ. ನೆಲದ ಮೇಲೆ ಪೋಸ್ಟರ್ ಹಾಸಿಕೊಂಡು ಬರೆಯುತ್ತಿದ್ದೆ. ಅತ್ತಿಗೆ ಮೇಲೆ ಬಂದು ಅಮ್ಮನ ಪಕ್ಕ ಟೀವಿ ಮುಂದೆ ಕೂತಿದ್ದರು. ಅವರ ಯಜಮಾನರು, ಟೈಲರಣ್ಣ, ಹಿಂದಿನ ಅಂಗಳದಲ್ಲಿದ್ದರು. ಅಂಗಡಿಯೊಳಗೆ ಬಾವುಟದ ಬಟ್ಟೆ ತುಂಬಿಹೋಗಿತ್ತೆಂದು ಮಿಷನ್ನನ್ನೇ ಹೊರಗಿಟ್ಟುಕೊಂಡಿದ್ದರು. ಅಮ್ಮ ಕಿಟಕಿಯಿಂದ ಬಗ್ಗಿ, “ಏನಪ್ಪಾ, ಗೆಲ್ಲೋರು ಯಾರಂತ ಗೊತ್ತಾಗೋ ಮುಂಚೆ ಬಾವುಟ ಹೊಲೀತಿದೀಯ?” ಅಂದದ್ದಕ್ಕೆ ಅವರು, “ಎರಡೂ ಕಡೇದು ಹೊಲೀತೀನಕ್ಕಾ, ಸೋತೋರಿಗೆ ಮೂಗೊರೆಸೋಕೆ ಬೇಕಲ್ಲ” ಅಂದರು. ಅವರ ಕೊನೆಯ ಮಾತು ಅದೇ.

ಸ್ವಲ್ಪ ಹೊತ್ತಿಗೆ ಹೊರಗೆ ದೊಡ್ಡ ಕೂಗೆದ್ದಿತು. ಮನೆ ಅದುರಿತು. ಕಪಾಟಿನ ಪಾತ್ರೆ ನಡುಗಿದ್ದಷ್ಟೇ ಅಲ್ಲ, ಒಂದು ಕೆಳಕ್ಕೂ ಬಿತ್ತು. ಅಮ್ಮ ಮತ್ತು ಅತ್ತಿಗೆ ಒಂದೇ ಉಸಿರಿಗೆ “ಸಿಕ್ಸರ್!” ಅಂತ ಕಿರುಚಿ, ಯಾರು ಮೊದಲು ಹೇಳಿದರೆಂದು ಒಬ್ಬರ ತೊಡೆಗೆ ಒಬ್ಬರು ಹೊಡೆದುಕೊಂಡು ನಕ್ಕರು. ನಾನು ಕಾಗದದಿಂದ ತಲೆ ಎತ್ತದೆ ಆ ಸಿಕ್ಸರಿಗೆ ಶಾಪ ಹಾಕಿದೆ. ಅಕ್ಷರ ಅಲುಗಿಹೋಗಿತ್ತು.

ಟೀವಿಯಲ್ಲಿ ಸಿಕ್ಸರ್ ಕಾಣಲೆಂದು ಕಾದೆವು. ಅಲ್ಲಿ ಬೌಲರ್ ಬಗ್ಗಿ ಶೂ ದಾರ ಕಟ್ಟುತ್ತಿದ್ದ. ಕಟ್ಟುತ್ತಲೇ ಇದ್ದ. ಬ್ಯಾಟು ಹಿಡಿದವನು ಸುಮ್ಮನೆ ನಿಂತಿದ್ದ. ಹೊರಗಿನ ಕೂಗು ನಿಲ್ಲಲಿಲ್ಲ. ಅತ್ತಿಗೆಯ ಮುಖದ ಮೇಲಿನ ನಗು ಅಲ್ಲೇ ಉಳಿದು, ಅದರ ಅರ್ಥ ಮಾತ್ರ ಹೋದದ್ದನ್ನು ನಾನು ನೋಡಿದೆ. ಅದನ್ನು ಮರೆಯಲಾಗುವುದಿಲ್ಲ, ಅಕ್ಕ. ಅವರು ಹಿಂದಿನ ಕಿಟಕಿಗೆ ಓಡಿದರು.

ಗ್ಯಾಲರಿ ಹಿಂದಕ್ಕೆ ವಾಲಿ ಜನರ ಸಮೇತ ಅಂಗಳಕ್ಕೆ ಬಿದ್ದಿತ್ತು. ಅದರಡಿ ಸಿಕ್ಕ ಟೈಲರಣ್ಣ ತೀರಿಕೊಂಡರು, ಮೇಲಿಂದ ಬಿದ್ದ ಇನ್ನಿಬ್ಬರೂ. ಅವರು ಆಟ ನೋಡಲು ಬಂದ ಯಾರೋ, ನಮ್ಮ ಬೀದಿಯನ್ನು ನಂಬಿ ಬಂದವರು. ಅಪ್ಪ ತಾರಸಿಗೆ ಹತ್ತುವ ಮೆಟ್ಟಿಲಿನಲ್ಲಿ ಕೂತಿದ್ದರಿಂದ ಉಳಿದರು. ಗ್ಯಾಸ್ ಕಟರ್ ತಂದು ತಾವು ಕಟ್ಟಿದ್ದನ್ನು ತಾವೇ ಕತ್ತರಿಸಿ ಟೈಲರಣ್ಣನನ್ನು ಹೊರಗೆಳೆದರು. ಬೆಸೆದ ಜಾಗ ಒಂದೂ ಬಿಟ್ಟಿರಲಿಲ್ಲ, ಪೈಪೇ ಮುರಿದಿತ್ತು. ಪೊಲೀಸರು ಬಂದಾಗ ಅಪ್ಪನ ಕೈಯಲ್ಲಿ ಕಟರ್ ಇನ್ನೂ ಉರಿಯುತ್ತಿತ್ತು. ಅದನ್ನು ಆರಿಸಿ, ಅದರ ರಬ್ಬರ್ ಕೊಳವೆ ಸುತ್ತಿಟ್ಟು, ಆಮೇಲೆ ಅವರ ಜೊತೆ ಹೋದರು.

ಮಾಲೀಕ ಹೊರಗಿದ್ದಾನೆ. “ಗಟ್ಟಿಯಾಗಿದೆ ಅಂತ ವೆಲ್ಡರ್ರೇ ಹೇಳಿದ್ದ, ನಾನು ನಂಬಿದೆ” ಎಂದು ಹೇಳಿಕೆ ಕೊಟ್ಟಿದ್ದಾನೆ. ಎಷ್ಟು ಸುಲಭ ನೋಡು.

ಇವತ್ತು ಸಂಜೆ ನನ್ನ ಸರದಿ. ಅಪ್ಪನ ಜೊತೆ ಬಣ್ಣ ಹೊಡೆದವಳೆಂದು ಠಾಣೆಗೆ ಕರೆದಿದ್ದಾರೆ. ಸಂಘದ ವಕೀಲರು ನನ್ನನ್ನು ಕೂರಿಸಿಕೊಂಡು ತಗ್ಗಿದ ಧ್ವನಿಯಲ್ಲಿ ಹೇಳಿದರು: “ಹಳೇ ಪೈಪು ಬೇಡ ಅಂತ ನಮ್ಮಪ್ಪ ಗೋಗರೆದ್ರು, ಮಾಲೀಕ ಕೇಳ್ಲಿಲ್ಲ. ಇಷ್ಟು ಹೇಳಮ್ಮ ಸಾಕು. ಅಪ್ಪ ಹೊರಗೆ, ಅವನು ಒಳಗೆ.” ನ್ಯಾಯ ಸಿಗುತ್ತದೆ ಎಂದೂ ಸೇರಿಸಿದರು. ನಾನು ಆಗುವುದಿಲ್ಲ ಅಂದೆ. ಅಮ್ಮ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವ ಮುಂಚೆ, “ನಿನ್ನ ಸತ್ಯಾನ ತಗೊಂಡು ಹೋಗಿ ನಿಮ್ಮಪ್ಪನಿಗೆ ಹೊದಿಸು, ಅಲ್ಲಿ ಚಳಿಯಂತೆ” ಅಂದಳು.

ಅಪ್ಪನನ್ನು ನೋಡಲು ಬಿಟ್ಟದ್ದು ಒಂದೇ ಸಲ. ವಕೀಲರು ಹೇಳಿದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. “ಅವನ ಮಿಷನ್ನು ಅಂಗಳದಲ್ಲೇ ಇದೆಯಾ? ಒಳಗಿಡು, ಎಣ್ಣೆ ಬಿಡು. ತುಕ್ಕು ಹಿಡಿಯುತ್ತೆ” ಅಂದರು. ಅಷ್ಟೇ.

ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಾಗ ಅತ್ತಿಗೆ ಬಾಗಿಲಲ್ಲಿ ಬಂದು ನಿಂತರು. ಪೈಪು ಹಾಳಾಗಿದೆ ಅಂತ ನಿಮ್ಮಪ್ಪನಿಗೆ ಗೊತ್ತಿತ್ತಾ ಎಂದು ಕೇಳಿದರು. ಹಳೆಯದೆಂದು ಗೊತ್ತಿತ್ತು, ಬೀಳುತ್ತದೆಂದು ಗೊತ್ತಿರಲಿಲ್ಲ ಅಂದೆ. ಒಳಗೆ ಬಂದು ಮಿಷನ್ನಿನ ಮೇಲೆ ಕೈಯಿಟ್ಟು, “ನಮ್ಮನೇವ್ರೂ ನೋಡಿದ್ರು ಕಣೇ. ಮನೆ ಉಳೀತಲ್ಲ, ಸುಮ್ನಿರು ಅಂದ್ರು” ಅಂದರು. ಆಮೇಲೆ, “ನೀನು ಹೋಗಿ ಏನು ಹೇಳ್ತೀಯೋ ನನಗೆ ಗೊತ್ತಿಲ್ಲ. ನನ್ನ ಮುಂದೆ ಹೇಳೋಕಾಗದೇ ಇರೋದನ್ನ ಅಲ್ಲೂ ಹೇಳ್ಬೇಡ” ಅಂದರು.

ನಾನು ನಿರ್ಧರಿಸಿದ್ದೇನೆ. ಪೈಪು ಅಪ್ಪನದೇ ಯೋಚನೆ, ನಾನು ಕಣ್ಣಾರೆ ಕಂಡೆ ಎಂದು ಹೇಳುತ್ತೇನೆ. ಒಬ್ಬ ಮನುಷ್ಯನಿಗೆ ಸೂರೋ ಗಟ್ಟಿ ಕಬ್ಬಿಣವೋ ಎರಡರಲ್ಲಿ ಒಂದನ್ನು ಆರಿಸಿಕೋ ಎಂದವನು ಯಾರು, ಹೇಗೆ ಕಟ್ಟುತ್ತೀಯೆಂದು ನನಗೆ ತಿಳಿಯುವುದೇ ಬೇಡ ಎಂದವನು ಯಾರು, ಅದನ್ನೂ ಹೇಳುತ್ತೇನೆ. ಮೊದಲರ್ಧಕ್ಕೆ ಅಪ್ಪ ಶಿಕ್ಷೆ ಅನುಭವಿಸಲಿ. ಎರಡನೆಯ ಅರ್ಧ ಮಾಲೀಕನನ್ನು ಅದೇ ಬೆಂಚಿಗೆ ತಂದು ಕೂರಿಸುತ್ತದೆ. ಸುಳ್ಳಿನಿಂದ ಗೆದ್ದ ನ್ಯಾಯವನ್ನು ಮುಂದಿನ ಸುಳ್ಳು ಕಸಿದುಕೊಳ್ಳುತ್ತದೆ. ಇಡೀ ಸತ್ಯ ಹೇಳಿದರೆ ಯಾರೂ ಏನೂ ಮಾಡಲಾರರು. ನಾನು ಇದನ್ನು ನಂಬುತ್ತೇನೆ, ಅಕ್ಕ. ಇದನ್ನೂ ನಂಬದಿದ್ದರೆ ನಾನು ಇಷ್ಟು ವರ್ಷ ಓದಿದ್ದು, ಅಂಟಿಸಿದ್ದು ಎಲ್ಲ ಗೋಡೆಗೆ ಬಳಿದ ಗೋಂದು.

ಆದ್ದರಿಂದ ನಿನ್ನ ಅವಶ್ಯಕತೆ ಬೀಳುವುದಿಲ್ಲ. ಆ ಸಂಜೆಯ ಮಾತನ್ನು ಭಾವನ ಹತ್ತಿರ ಎತ್ತಬೇಡ. ನಿನ್ನ ಮನೆ ನೆಮ್ಮದಿಯಾಗಿರಲಿ. ಠಾಣೆಗೆ ಹೋಗುವ ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ.

ನಿನ್ನ ತಂಗಿ,
ಅಪ್ಪನ ಕರಪತ್ರ

ಮತ್ತೆ ಬರೆದದ್ದು: ಅಂಚೆಗೆ ಹಾಕಲಿಲ್ಲ, ಚೀಲದಲ್ಲೇ ಉಳಿಯಿತು. ಈಗ ಠಾಣೆಯ ಹೊರಗಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಎಲ್ಲವನ್ನೂ ಹೇಳಿದೆ. ಪೈಪು, ಬಣ್ಣ, ಅಪ್ಪ ಹೇಳಿದ್ದು, ಎಲ್ಲ ಬರೆದುಕೊಂಡರು. ಮಾಲೀಕನ ಮಾತಿಗೆ ಬಂದಾಗ ಅಧಿಕಾರಿ ಪೆನ್ನು ಕೆಳಗಿಟ್ಟು, ನೀನು ಅಲ್ಲಿದ್ದೆಯಾ ಎಂದು ಕೇಳಿದರು. ಇಲ್ಲ, ಅಕ್ಕ ಹೇಳಿದಳು ಅಂದೆ. “ಯಾರೋ ಹೇಳಿದ್ದನ್ನೆಲ್ಲ ಬರ್ಕೊಳಕ್ಕಾಗಲ್ಲಮ್ಮ. ನೀನು ಕಂಡಿದ್ದಷ್ಟೇ” ಅಂದರು. ಓದಿ ನೋಡಲು ಕೊಟ್ಟರು. ಎರಡು ಸಲ ಓದಿದೆ. ಅದರಲ್ಲಿ ಅಪ್ಪ ಒಬ್ಬರೇ ಇದ್ದರು. ಒಂದು ಸುಳ್ಳೂ ಇರಲಿಲ್ಲ. ಸಹಿ ಹಾಕಿದೆ.

ಅಕ್ಕಾ, ಬಾ.