ಕಪ್ಪೆ ಟೋಪಿ ಮನೆಗೆ

ಅಕ್ಟೋಬರ್ ೧೪, ಜೂನೋ

ಟೋಪಿಯ ವಿಷಪರೀಕ್ಷೆಯ ಫಲಿತಾಂಶವನ್ನು ವಿನಿಫ್ರೆಡ್ ಅಜ್ಜಿಗೆ ಇವತ್ತು ನಾನೇ ಹೇಳಬೇಕಾಯಿತು. ಇಲ್ಲಿನ ಮೂಲನಿವಾಸಿಗಳಾದ ಅವರ ಕುಲದ ಕಪ್ಪೆಯಾಕಾರದ ಮರದ ಟೋಪಿಗೆ ಹುಳು ಹತ್ತದಿರಲೆಂದು ನಮ್ಮ ಮ್ಯೂಸಿಯಂನವರು ಹಿಂದೆಂದೋ ಆರ್ಸೆನಿಕ್ ಬಳಿದಿದ್ದರು. ಈಗ ವಾಪಸು ಕೊಡುತ್ತಿದ್ದೇವೆ, ಆದರೆ ಯಾರೂ ಅದನ್ನು ತಲೆಗಿಟ್ಟು ಕುಣಿಯುವಂತಿಲ್ಲ.

"ಹುಳದಿಂದ ಕಾಪಾಡಿದ್ರಿ, ನಮ್ಮಿಂದಾನೂ ಕಾಪಾಡಿದ್ರಿ ಬಿಡಮ್ಮ," ಎಂದರು ಅಜ್ಜಿ.

ಬೇಕಾದರೆ ಇಲ್ಲೇ ಜೋಪಾನವಾಗಿಡುತ್ತೇವೆ ಎಂದೆ.

"ಕಾಯಿಲೆ ಅಂತ ತಾತನ್ನ ಆಸ್ಪತ್ರೇಲೇ ಬಿಟ್ಟು ಹೋಗ್ತಾರಾ? ಕುಣಿಯೋಕಾಗ್ದಿದ್ರೆ ಕೂತು ನೋಡ್ತಾನೆ."

ಕೈಗವಸು ತೊಟ್ಟು, ಟೋಪಿಯ ಹತ್ತಿರ ಬಾಗಿ, ತಮ್ಮ ಟ್ಲಿಂಗಿಟ್ ಮಾತಿನಲ್ಲಿ ಬಹಳ ಹೊತ್ತು ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ, ನಾನು ಕೇಳಲೂ ಇಲ್ಲ.

ಬೆಳಿಗ್ಗೆ ಅವರು ಬರುತ್ತಾರೆ, ಪೆಟ್ಟಿಗೆ ಕಟ್ಟಬೇಕು. ಮೇಲೆ 'ವಿಷ' ಎಂಬ ಚೀಟಿ ಅಂಟಿಸುವುದು ನಿಯಮ. ಅವರ ಕಣ್ಣೆದುರಿಗೆ ಅದನ್ನು ಹೇಗೆ ಅಂಟಿಸಲಿ?