ಪುಟದಲ್ಲಿಲ್ಲದ ಅಂಕಿ

ಮಾರ್ಚ್ 3, ಬೆಳಿಗ್ಗೆ

ನೀರು 94 ಸೆಂಟಿಮೀಟರ್. ನದಿ ಮಾಪನ ಕಚೇರಿಯ ಒಲೆ ಇವತ್ತೂ ಹೊಗೆ ಕಾರುತ್ತಿದೆ. ನಾಯ್ಡೆನಣ್ಣ ಹೋಗಿ ಮೂವತ್ತೊಂದು ದಿನ. ಕಂಪ್ಯೂಟರಿನಲ್ಲಿ ಅವರು ಬರೆದಿಟ್ಟ ಟಿಪ್ಪಣಿ ಪುಟಗಳ ಕಟ್ಟು, ಅವರ ವಿಕಿ, ಈಗ ನನ್ನ ತಲೆಗೆ ಬಂದಿದೆ. ಪ್ರತಿ ಪುಟದಲ್ಲೂ ಮೇಲೆ ಮಾತು, ಕೆಳಗೆ ಒಂದು ತುಣುಕು ಕೋಡ್. ಬಟನ್ ಒತ್ತಿದರೆ ತುಣುಕುಗಳೆಲ್ಲ ಕೂಡಿ, ಪ್ರವಾಹದ ಸೈರನ್ ಕೂಗಿಸುವ ಪ್ರೋಗ್ರಾಂ ಹೊಸದಾಗಿ ಹುಟ್ಟುತ್ತದೆ. ಹಳೆಯದು ಅಳಿಯುತ್ತದೆ, ಅದರ ಒಂದು ಪ್ರತಿ ಮಾತ್ರ ಬ್ಯಾಕಪ್ಪಿನಲ್ಲಿ ಉಳಿಯುತ್ತದೆ. ಪುಟ ಬಿಟ್ಟು ಹುಟ್ಟಿದ ಫೈಲನ್ನೇ ನೇರ ತಿದ್ದಿದರೆ ಮುಗಿಯಿತು, ಮುಂದಿನ ಸಲ ಬಟನ್ ಒತ್ತಿದಾಗ ಆ ತಿದ್ದುಪಡಿಗೆ ಮಂಗಳಾರತಿ.

"ಯಂತ್ರಕ್ಕೆ ಹೇಳೋ ಮೊದ್ಲು ಮನುಷ್ಯರಿಗೆ ಹೇಳು ನೆವೆನಾ. ಯಾಕೆ ಅಂತ ಬರಿ. ನಾಳೆ ನಾನಿರಲ್ಲ," ಅನ್ನುತ್ತಿದ್ದರು ಅಣ್ಣ.

ಇಲ್ಲ, ನಿಜಕ್ಕೂ ಇಲ್ಲ.

ಕೆಳಹಳ್ಳಿಗೆ ಎರಡನೇ ಸೈರನ್ ಬಂದಿದೆ. ಅದಕ್ಕೊಂದು ಪುಟ ಬರೆದೆ. ಬಟನ್ ಒತ್ತಿದೆ. ಹಳೆ ಫೈಲಿಗೂ ಹೊಸದಕ್ಕೂ ತಾಳೆ ನೋಡುವುದು ಅವರ ಪದ್ಧತಿ. ನೋಡಲಿಲ್ಲ. ಅವರು ಮಾಡಿದ್ದರಲ್ಲಿ ತಪ್ಪು ಹುಡುಕಲು ನಾನ್ಯಾರು?

ಮಾರ್ಚ್ 12

ಅಣ್ಣ ಹೋದ ನಲವತ್ತನೆಯ ದಿನದ ತಿಥಿ. ಅವರ ಮನೆ ಗೇಟಿಗೆ ಫೋಟೋ ಇರುವ ಹೊಸ ಸಾವಿನ ಕಾಗದ ಅಂಟಿಸಿದ್ದಾರೆ. ಹೆಂಡತಿ ಸ್ತೊಯ್ಕಕ್ಕ ಬೇಯಿಸಿದ ಗೋಧಿಗೆ ಸಕ್ಕರೆ ಪುಡಿ ಉದುರಿಸಿ ಎಲ್ಲರಿಗೂ ಲೋಟದಲ್ಲಿ ಕೊಟ್ಟರು.

"ಇವಳಿಗೆ ಇನ್ನೊಂದು ಲೋಟ ಕೊಡಕ್ಕ," ಪಕ್ಕದ ಮನೆಯ ಪಾಂಚೋ ಅಂದ. "ನದಿ ಅಳೆದೂ ಅಳೆದೂ ಅಳತೆಗೋಲಾಗಿದ್ದಾಳೆ."

ಅಕ್ಕ ನಗಲಿಲ್ಲ. "ಕೊನೇ ವಾರ ಆಸ್ಪತ್ರೆಗೆ ಲ್ಯಾಪ್‌ಟಾಪ್ ತರಿಸ್ಕೊಂಡ್ರು ಕಣೇ. ಏನೋ ಒಂದು ಅಂಕಿ ತಿದ್ದಬೇಕು ಅಂತ. ಬೆರಳೇ ಏಳ್ತಿರ್ಲಿಲ್ಲ."

ಯಾವ ಅಂಕಿ? ಕೇಳಬೇಕಿತ್ತು. ಬಾಯಿ ತುಂಬ ಗೋಧಿ... ಹೂಂಗುಟ್ಟಿ ಬಂದೆ.

ಮಾರ್ಚ್ 19, 7:20

ಎರಡು ದಿನದಿಂದ ಮಳೆ. ಬೆಟ್ಟದ ಹಿಮವೂ ಕರಗಿದೆ. ಪಾಂಚೋನ ಫೋನ್ —

"ನಿನ್ನ ಸೈರನ್ ಇನ್ನೂ ಎದ್ದಿಲ್ವೇನೇ? ಕೆಳಹಳ್ಳೀಲಿ ನೀರು ಅಂಗಳಕ್ಕೆ ಬಂತು. ಸ್ತೊಯ್ಕಕ್ಕನ್ನ ದಿಬ್ಬ ಹತ್ತಿಸಿ, ವಾಪಸ್ ಬಂದು ಆಡು ಬಿಚ್ತೀನಿ."

ಪರದೆಯ ಮೇಲೆ 188. ಪ್ರೋಗ್ರಾಂ 210 ಆಗಲಿ ಎಂದು ಕಾಯುತ್ತಿದೆ. ಕೈಯಿಂದ ಕೂಗಿಸಿದೆ. ಆಮೇಲೆ ಪಾಂಚೋ ಫೋನ್ ಎತ್ತುತ್ತಿಲ್ಲ.

ಮಾರ್ಚ್ 22

ಪಾಂಚೋ ಸಿಕ್ಕ. ಸೇತುವೆಯ ಕೆಳಗೆ. ಕೈಯಲ್ಲಿ ಆಡಿನ ಹಗ್ಗ ಹಾಗೇ ಇತ್ತು.

ಮಾರ್ಚ್ 23

ಬ್ಯಾಕಪ್ಪಿನಿಂದ ಪ್ರೋಗ್ರಾಮಿನ ಹಳೇ ಪ್ರತಿ ಹುಡುಕಿ ತೆಗೆದೆ. ಜನವರಿ 29, ಆಸ್ಪತ್ರೆಯಿಂದ: 210 ಹೋಗಿ 160 ಆಗಿದೆ. ನೇರ ಫೈಲಿನಲ್ಲಿ. ಪುಟ ಇಲ್ಲ, ಯಾಕೆ ಎಂಬುದಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದವರು... ಎರಡು ಸಾಲು ಬರೆಯಲಾಗಲಿಲ್ಲವೇ ಅಣ್ಣಾ? ಸಿಟ್ಟು ಬಂತು. ಬೆರಳೇ ಏಳದವರ ಮೇಲೆ ಸಿಟ್ಟು. ನಾಚಿಕೆಯಾಯಿತು.

ಮೂರನೇ ತಾರೀಖು ನಾನು ಬಟನ್ ಒತ್ತಿದಾಗ 160 ಅಳಿಯಿತು, ಪುಟದಲ್ಲಿದ್ದ 210 ಮರಳಿತು. ತಾಳೆ ನೋಡಲು ಎರಡು ನಿಮಿಷ ಸಾಕಿತ್ತು.

ಮಧ್ಯಾಹ್ನ ನದಿಗೆ ಕೋಲು ಇಳಿಸಿ ಅಳೆದೆ. ಅರ್ಧ ಮೀಟರ್ ಹೂಳು. ಅಣ್ಣನಿಗೆ ಗೊತ್ತಿತ್ತು.

ಮಾರ್ಚ್ 25

ಅವತ್ತು ಮಳೆಯಲ್ಲಿ ನೆನೆದ ಸ್ತೊಯ್ಕಕ್ಕನಿಗೆ ಇನ್ನೂ ಜ್ವರ. ನನ್ನ ಕೈ ಹಿಡಿದುಕೊಂಡರು. "ಸೈರನ್ ಕೂಗ್ತಲ್ಲ, ಅದು ಅವರೇ ಕಣೇ. ಸತ್ಮೇಲೂ ನನ್ನ ಬಿಡ್ಲಿಲ್ಲ."

ಅವರ ಹೊದಿಕೆ ಸರಿಮಾಡಿ ಎದ್ದು ಬಂದೆ. ಎಂಥ ಹೇಡಿ ನಾನು.

ನಾಳೆ ರಾಜಧಾನಿ ಸೋಫಿಯಾದಿಂದ ತನಿಖೆಯವರು ಬರುತ್ತಾರೆ. ಅವರು ವಿಕಿ ಮಾತ್ರ ನೋಡುತ್ತಾರೆ. ಪುಟದಲ್ಲಿ 210, ಪ್ರೋಗ್ರಾಮಿನಲ್ಲೂ 210. ತಪ್ಪು ಸತ್ತ ಅಣ್ಣನ ಹೆಸರಿಗೆ ಹೋಗುತ್ತದೆ. ಹಳೇ ಪ್ರತಿ ಇರುವುದು ನನಗೊಬ್ಬಳಿಗೇ ಗೊತ್ತು.

ಮಾರ್ಚ್ 26, 8:00

ಕಚೇರಿಗೆ ಬರುವಾಗ ಪಾಂಚೋನ ಗೇಟಿಗೂ ಕಾಗದ ಅಂಟಿಸಿದ್ದರು. ಫೋಟೋದಲ್ಲಿ ನಗುತ್ತಿದ್ದಾನೆ.

ಹತ್ತಕ್ಕೆ ತನಿಖೆಯವರು ಬರುತ್ತಾರೆ. ವಿಕಿ ತೆರೆದೆ. ಹೊಸ ಪುಟ. ಮೊದಲು ಮನುಷ್ಯರಿಗೆ. ಇಲ್ಲಿ ಕರಡು ಬರೆದು ಅಲ್ಲಿಗೆ ಹಾಕುತ್ತೇನೆ —

ಸೈರನ್ 160ಕ್ಕೆ ಕೂಗಬೇಕು. ಯಾಕೆ: ಹೂಳು ತುಂಬಿ ನದಿಯ ತಳ ಮೇಲೆ ಬಂದಿದೆ, 180ಕ್ಕೇ ಕೆಳಹಳ್ಳಿಗೆ ನೀರು ನುಗ್ಗುತ್ತದೆ. ಈ ಅಂಕಿ ಕಂಡುಕೊಂಡವರು ನಾಯ್ಡೆನ್. ಮಾರ್ಚ್ 3ರಂದು ಅದನ್ನು ಅಳಿಸಿದವಳು —